ನವಜಾತ ಶಿಶು ಘಟಕದ ನರ್ಸ್ ಆಗಲು ಓದುವವರಿಗೆ

ಮೈಸೂರಿನ ನಮ್ಮ ನವಜಾತ ಶಿಶು ತೀವ್ರ ನಿಗಾ ಘಟಕಕ್ಕೆ ಕ್ಲಿನಿಕಲ್ ಪೋಸ್ಟಿಂಗ್‌ಗೆಂದು ಬರುವ ವಿದ್ಯಾರ್ಥಿನಿಯರಲ್ಲಿ ಮಂಡ್ಯ, ಪಾಂಡವಪುರದ ಕಡೆಯಿಂದ ದಿನವೂ ರೈಲಿನಲ್ಲಿ ಓಡಾಡುವವರೂ ಇರುತ್ತಾರೆ. "ಮೇಡಂ, ಇಲ್ಲಿ ಕೆಲಸ ಸಿಗಬೇಕಾದರೆ ಯಾವ ಕೋರ್ಸ್ ಮಾಡಬೇಕು?" ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ.

ಕೋರ್ಸಿನ ಮಾತು ಬೇಗ ಮುಗಿಯುತ್ತದೆ. ಪಿಯುಸಿಯ ನಂತರ 3 ವರ್ಷದ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಅಥವಾ, ವಿಜ್ಞಾನ ಓದಿದವರಾದರೆ, 4 ವರ್ಷದ ಬಿ.ಎಸ್ಸಿ. ನರ್ಸಿಂಗ್, ಬಳಿಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ, ಅದರ ಮೇಲೆ ನವಜಾತ ಶಿಶು ಶುಶ್ರೂಷೆಯಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ಆದರೆ ಸರ್ಟಿಫಿಕೇಟಿಗಿಂತ ಮೊದಲು ಕೈಗೆ ಬರಬೇಕಾದದ್ದು ಲೆಕ್ಕ ಎಂಬುದು ನನ್ನ ಅಭಿಪ್ರಾಯ.

1.1 ಕೆ.ಜಿ. ತೂಕದ ಮಗುವಿಗೆ ವೈದ್ಯರು ದಿನಕ್ಕೆ, ಕೆ.ಜಿ.ಗೆ 80 ಮಿ.ಲೀ.ನಂತೆ ದ್ರವ ಬರೆದರೆ ಒಟ್ಟು 88 ಮಿ.ಲೀ. ಆಗುತ್ತದೆ, ಗಂಟೆಗೆ ಸುಮಾರು 3.7. ಪರೀಕ್ಷೆಯಲ್ಲಿ ಇದನ್ನು ಸಲೀಸಾಗಿ ಬಿಡಿಸುವವರು ರಾತ್ರಿ ಪಾಳಿಯಲ್ಲಿ, ಎರಡು ಅಲಾರಂಗಳು ಒಟ್ಟಿಗೆ ಕೂಗುವಾಗ, ದ್ರವವನ್ನು ನಿಗದಿತ ವೇಗದಲ್ಲಿ ಹರಿಸುವ ಸಿರಿಂಜ್ ಪಂಪ್ ಮುಂದೆ ತಡವರಿಸುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇರೊಂದು ಆಸ್ಪತ್ರೆಯಲ್ಲಿ, ನಾನೇ ದಶಮಾಂಶ ಬಿಂದುವನ್ನು ಸರಿಯಾಗಿ ಒತ್ತದೆ 3.7ರ ಬದಲು 37 ಎಂದು ಹಾಕಿದ್ದೆ. ಪಂಪ್ ಚಾಲೂ ಮಾಡುವ ಮುನ್ನ ಹಿರಿಯ ಸಿಸ್ಟರ್ ಒಬ್ಬರು ನೋಡಿದ್ದರಿಂದ ಮಗು ಉಳಿದುಕೊಂಡಿತು. ಅಂದಿನಿಂದ ಮೊದಲು ಕಾಗದದ ಮೇಲೆ ಬರೆದು, ಇನ್ನೊಬ್ಬರಿಂದ ಪಂಪಿನ ಅಂಕಿಯನ್ನು ಗಟ್ಟಿಯಾಗಿ ಓದಿಸಿಯೇ ಗುಂಡಿ ಒತ್ತುತ್ತೇನೆ.

ಎರಡನೆಯದು, ಮುಟ್ಟಿ ನೋಡುವ ಅಭ್ಯಾಸ. ಅವಧಿಗೆ ಮುನ್ನ ಹುಟ್ಟಿದ ಮಗು ಚಳಿಯಾದರೂ ಅತ್ತು ಹೇಳುವುದಿಲ್ಲ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ, ಥರ್ಮಾಮೀಟರ್ ಇನ್ನೂ 36.5 ಡಿಗ್ರಿ ಸೆಲ್ಸಿಯಸ್‌ನ ಮೇಲೆಯೇ ತೋರಿಸುತ್ತಿದ್ದರೂ, ಮಗು ಆಗಲೇ ಚಳಿಗೆ ಸಿಕ್ಕಿದೆ ಎಂದರ್ಥ. ಆಮ್ಲಜನಕದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ಆಮ್ಲಜನಕ ಕೊಡುತ್ತಿರುವ ಇಂಥ ಮಕ್ಕಳಲ್ಲಿ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇ. 90ರಿಂದ 95ರೊಳಗೆ ಇರಬೇಕು. ಅಲಾರಂ ಕೂಗಿತೆಂದು ಆಮ್ಲಜನಕ ಏರಿಸಿ, ಇಳಿಸುವುದನ್ನು ಮರೆತರೆ ಅಕ್ಷಿಪಟಕ್ಕೆ ಹಾನಿಯಾಗಬಹುದು.

ಮೂರನೆಯದು, ಹಾಲು ಕುಡಿಸುವ ತಾಳ್ಮೆ. ಪುಸ್ತಕದಲ್ಲಿ 'ಪಲಡೈ' ಎಂದಿರುವ, ಮಗುವಿಗೆ ಹಾಲು ಕುಡಿಸುವ ಕೊಕ್ಕಿನ ಪುಟ್ಟ ಬಟ್ಟಲೇ ನಮ್ಮ ಕಡೆಯ ಒಳಲೆ. ಆ ಹೆಸರು ಹೇಳಿದ ಕೂಡಲೇ ಮಳವಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ, ಮನೆಯಲ್ಲಿ ಹರಳೆಣ್ಣೆ ಕುಡಿಸಲು ಬಳಸುವುದನ್ನೇ ತರಲು ಹೊರಡುತ್ತಾರೆ. ಅದು ಬೇಡವೆಂದು, ಪ್ರತಿ ಸಲ ಕುದಿಸಿದ ಒಳಲೆಯಲ್ಲಿ ತಾಯಿಯ ಹಾಲನ್ನಷ್ಟೇ ಕೊಡಬೇಕೆಂದು ಬೇಸರವಾಗದಂತೆ ತಿಳಿಸಬೇಕು. 33 ವಾರಕ್ಕೆ ಹುಟ್ಟಿದ ಮಗುವಿಗೆ 15 ಮಿ.ಲೀ. ಹಾಲು ಕುಡಿಸಲು ಕೆಲವೊಮ್ಮೆ ಅರ್ಧ ಗಂಟೆಯೂ ಹಿಡಿಯುತ್ತದೆ. ಪೋಸ್ಟಿಂಗ್‌ನ ಮೊದಲ ವಾರ ವಿದ್ಯಾರ್ಥಿನಿಯರನ್ನು ನಾನು ಕೂರಿಸುವುದು ಅಲ್ಲಿ, ತಾಯಿಯ ಪಕ್ಕದ ಸ್ಟೂಲಿನ ಮೇಲೆ.