ಫೋಟೋ ಇರುವಾಗ ಅದನ್ನೇ ಮತ್ತೆ ಯಾಕೆ ಬರೆಯಬೇಕು?

ಪ್ರಶ್ನೆ: ಹಳೇ ಫೋಟೋ ನೋಡಿ ಚಿತ್ರ ಬರೆದರೆ ಅದು ನಕಲು ಅಲ್ವಾ? ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾವಿದೆ ಹಂಗ್ ಲಿಯು ಅವರ ಚಿತ್ರಗಳಲ್ಲಂತೂ ಬಣ್ಣ ಸೋರಿ ಮುಖವೇ ಕೆಟ್ಟಂತಿರುತ್ತದೆ. ಯಾಕೆ ಹಾಗೆ?

ಉತ್ತರ: ಬಣ್ಣ ತಾನಾಗಿ ಸೋರಿದ್ದಲ್ಲ, ಅವರೇ ಸೋರಲು ಬಿಟ್ಟದ್ದು. ಬೀಜಿಂಗ್‌ನ ಕೇಂದ್ರ ಲಲಿತಕಲಾ ಅಕಾಡೆಮಿಯಲ್ಲಿ ಓದಿದವರು ಅವರು. ಸರ್ಕಾರ ಒಪ್ಪುವಂಥ ಅಚ್ಚುಕಟ್ಟಾದ ಚಿತ್ರ ಬರೆಯಲು ಚೆನ್ನಾಗಿಯೇ ಬರುತ್ತಿತ್ತು. 1984ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಆ ಅಚ್ಚುಕಟ್ಟನ್ನು ಬೇಕೆಂದೇ ಕೆಡಿಸಿದರು.

ಫೋಟೋದ ಬೆಲೆ ಅವರಿಗೆ ಬೇರೆಯವರಿಗಿಂತ ಜಾಸ್ತಿ ಗೊತ್ತಿತ್ತು. ತಂದೆ ಕಮ್ಯುನಿಸ್ಟರ ವಿರುದ್ಧ ಹೋರಾಡುತ್ತಿದ್ದ ಕ್ವೊಮಿಂಟಾಂಗ್ ಪಕ್ಷದ ಸೇನೆಯಲ್ಲಿದ್ದವರು, ಕಮ್ಯುನಿಸ್ಟರ ಕೈಗೆ ಸಿಕ್ಕು ಸೆರೆಯಾದರು. ಹಳೆಯದನ್ನೆಲ್ಲ ಅಳಿಸಲು ಮಾವೋ ನಡೆಸಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮನೆಯಲ್ಲಿದ್ದ ಹಳೇ ಫೋಟೋಗಳೇ ಅಪಾಯ ತರುವಂತಾದವು. ಮನೆಯವರೇ ಹೆದರಿ ಅವುಗಳಲ್ಲಿ ಬಹಳಷ್ಟನ್ನು ಸುಟ್ಟರು.

1991ರಲ್ಲಿ ಚೀನಾಕ್ಕೆ ಹೋದಾಗ ಅವರಿಗೆ ಇಪ್ಪತ್ತನೇ ಶತಮಾನದ ಆರಂಭದ ವೇಶ್ಯೆಯರ ಸ್ಟುಡಿಯೋ ಫೋಟೋಗಳು ಸಿಕ್ಕವು. ಗಿರಾಕಿಗಳ ಕಣ್ಣಿಗೆ ಬೀಳಲಿ ಎಂದೇ ತೆಗೆಸಿದವು. ಈ ಹುಡುಗಿಯರ ಹೆಸರೂ ಉಳಿದಿಲ್ಲ. ಇದನ್ನು ಇದ್ದ ಹಾಗೇ ನಕಲು ಮಾಡಿದರೆ ನಾವೂ ಗಿರಾಕಿಯ ಕಣ್ಣಿನಿಂದಲೇ ನೋಡಿದಂತಾಗುತ್ತದೆ. ಲಿಯು ಆ ಅಂಗೈಯಗಲದ ಮುಖಗಳನ್ನು ಆಳೆತ್ತರಕ್ಕೆ ತಂದರು. ಸುತ್ತ ಹಳೇ ಚೀನೀ ಚಿತ್ರಕಲೆಯ ಹಕ್ಕಿ, ಹೂವುಗಳನ್ನು ಇಟ್ಟರು. ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸಿ ತೆಳು ಮಾಡಿದರು. ಅದು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಉಡುಪಿನ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಹತ್ತಿರ ಹೋದರೆ ಬರೀ ಬಣ್ಣ, ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ಮುಖ. ಕ್ಯಾಮೆರಾ ಹಿಡಿದಿಟ್ಟ ಗಳಿಗೆ ಅಲ್ಲಿ ಕರಗುತ್ತಿರುತ್ತದೆ. ನೆನಪು ಇರುವುದೂ ಹಾಗೇ ತಾನೆ?

ಈ ಸೋರುವ ಬಣ್ಣವನ್ನು ಕಣ್ಣೀರು ಅನ್ನುವವರೂ ಇದ್ದಾರೆ. ನನಗೆ ಅದು ಸ್ವಲ್ಪ ಅಗ್ಗದ ಅರ್ಥ ಅನಿಸುತ್ತದೆ. ಯಾಕೆಂದರೆ ಅಳುವ ಮುಖಗಳೇ ಅಲ್ಲ ಅವು. ಹಲವರು ನಮ್ಮನ್ನೇ ನೇರವಾಗಿ ದಿಟ್ಟಿಸುತ್ತಾರೆ.

ಇದು ಚೀನಾದ ಫೋಟೋಗಳಿಗೇ ನಿಲ್ಲಲಿಲ್ಲ. 2021ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ, 1930ರ ದಶಕದ ಅಮೆರಿಕದ ಬಡ ವಲಸಿಗರನ್ನು ಡೊರೊಥಿಯಾ ಲ್ಯಾಂಗ್ ತೆಗೆದ ಫೋಟೋಗಳಿಂದ ಬರೆದರು. ‘ಅಮೆರಿಕದವರ ಕಥೆ ಇವರಿಗೇಕೆ’ ಎಂದು ಕೇಳಬಹುದು. ಲಿಯು ಹುಟ್ಟಿದ್ದು 1948ರಲ್ಲಿ, ಚಾಂಗ್‌ಚುನ್‌ನಲ್ಲಿ. ಅದೇ ವರ್ಷ ಕಮ್ಯುನಿಸ್ಟರ ಸೇನೆ ಊರಿಗೆ ಮುತ್ತಿಗೆ ಹಾಕಿತು. ಊರಲ್ಲಿ ಅನ್ನವಿಲ್ಲದೆ, ಕೂಸನ್ನು ಎತ್ತಿಕೊಂಡು ಮನೆಯವರು ಊರು ಬಿಟ್ಟಿದ್ದರು.