ಮೇಲ್ ಸರ್ವರ್ ಆಯ್ಕೆ ಮಾಡುವಾಗ ಮೊದಲು ಕ್ಯಾಲೆಂಡರ್ ನೋಡಿ

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆ, ತಿಪಟೂರಿನಲ್ಲಿ ಅದರ ಶಾಖೆ ಎಂದುಕೊಳ್ಳಿ. ಎಲ್ಲರಿಗೂ ಇಮೇಲ್, ಹಂಚಿಕೊಳ್ಳುವ ಕ್ಯಾಲೆಂಡರ್, ಒಂದೇ ವಿಳಾಸ ಪಟ್ಟಿ ಬೇಕು. ಇವನ್ನು ಒಟ್ಟಿಗೆ ಒದಗಿಸುವ ತಂತ್ರಾಂಶವೇ ಗ್ರೂಪ್‌ವೇರ್. ಇಂಥದ್ದೇ ಒಂದಾದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ 2016 ಮತ್ತು 2019ರ ಆವೃತ್ತಿಗಳಿಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಅವನ್ನೇ ನಂಬಿರುವ ಕಚೇರಿಗಳು ಈಗ ಬೇರೆ ದಾರಿ ಹುಡುಕಲೇಬೇಕು. ಆ ಕೆಲಸ ನಾಳೆ ನಮ್ಮ ಪಾಲಿಗೆ ಬರಬಹುದು.

ಮೇಲ್‌ನದು ದೊಡ್ಡ ತೊಡಕಲ್ಲ. ಪೋಸ್ಟ್‌ಫಿಕ್ಸ್ ಪತ್ರಗಳನ್ನು ಸಾಗಿಸುತ್ತದೆ, ಡವ್‌ಕಾಟ್ ಅಂಚೆಪೆಟ್ಟಿಗೆ ಕಾಯುತ್ತದೆ. ಎರಡೂ ಮುಕ್ತ ತಂತ್ರಾಂಶಗಳು, ಎರಡೂ ಬಹುಕಾಲ ಪಳಗಿದವು. ನಿಜವಾದ ಪರೀಕ್ಷೆ ಇರುವುದು ಕ್ಯಾಲೆಂಡರ್‌ನಲ್ಲಿ.

ಒಂದು ಆಹ್ವಾನವನ್ನೇ ಬಿಚ್ಚಿ ನೋಡೋಣ. ವ್ಯವಸ್ಥಾಪಕರು ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ, ಐಕ್ಯಾಲೆಂಡರ್ ಕಡತದಲ್ಲಿ (ಸಭೆಯ ವಿವರ ಬರೆದಿಡುವ ಸಾಮಾನ್ಯ ರೂಪ) ಆ ಸಮಯ ಅನೇಕ ವೇಳೆ 05:30 ಎಂದು ದಾಖಲಾಗಿರುತ್ತದೆ. ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಪ್ರತಿ ಸಭೆಗೂ ಯುಐಡಿ ಎಂಬ ಗುರುತು ಇರುತ್ತದೆ. ಸಭೆಯನ್ನು ಮಧ್ಯಾಹ್ನ 3ಕ್ಕೆ ಮುಂದೂಡಿದಾಗ ಯುಐಡಿ ಹಾಗೆಯೇ ಉಳಿಯುತ್ತದೆ, ಎಷ್ಟನೇ ತಿದ್ದುಪಡಿ ಎಂದು ತಿಳಿಸುವ ಸೀಕ್ವೆನ್ಸ್ ಸಂಖ್ಯೆ ಮಾತ್ರ 0ಯಿಂದ 1ಕ್ಕೆ ಏರುತ್ತದೆ. ಇದನ್ನು ನೋಡಿಯೇ ಶಾಖೆಯವರ ಫೋನ್ ಹಳೆಯ ಸಭೆಯನ್ನು ತೆಗೆದು ಹೊಸದನ್ನು ಕೂರಿಸುತ್ತದೆ. ಈ ಲೆಕ್ಕ ತಪ್ಪಿದರೆ ಕ್ಯಾಲೆಂಡರ್‌ನಲ್ಲಿ ಎರಡು ಸಭೆ ಕಾಣಿಸುತ್ತವೆ, ಜನ ತಪ್ಪು ಹೊತ್ತಿಗೆ ಬಂದು ಕೂರುತ್ತಾರೆ. ಈ ಭಾಗವನ್ನು ಚೆನ್ನಾಗಿ ಮನನ ಮಾಡಿಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಫೋನ್ ಮತ್ತು ಸರ್ವರ್ ನಡುವೆ ಈ ಕಡತಗಳನ್ನು ಸಾಗಿಸಲು ಕ್ಯಾಲ್‌ಡಾವ್ ಎಂಬ ಮುಕ್ತ ಪ್ರೋಟೊಕಾಲ್ (ಸಂವಹನ ನಿಯಮ) 2007ರಲ್ಲಿ ಬಂತು. ವಿಳಾಸಗಳಿಗೆ ಕಾರ್ಡ್‌ಡಾವ್ 2011ರಲ್ಲಿ. ಐಫೋನ್‌ಗೆ ಮತ್ತು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶಕ್ಕೆ ಇವೆರಡೂ ನೇರವಾಗಿ ಗೊತ್ತು. ಆಂಡ್ರಾಯ್ಡ್‌ಗೆ ಡಾವ್‌ಎಕ್ಸ್5 ಎಂಬ ಆ್ಯಪ್ ಹಾಕಬೇಕು.

ಇನ್ನು ಆಯ್ಕೆಗಳು. ಈಗಾಗಲೇ ಡವ್‌ಕಾಟ್ ಇದ್ದವರಿಗೆ ನಾನು ಮೊದಲು ಹೇಳುವುದು ಸೋಗೊ ಎಂಬ ಗ್ರೂಪ್‌ವೇರ್. ಅದು ಇರುವ ಮೇಲ್ ಸರ್ವರನ್ನು ಕದಲಿಸದೆ, ಕ್ಯಾಲೆಂಡರ್ ಮತ್ತು ವಿಳಾಸಗಳನ್ನು ಪೋಸ್ಟ್‌ಗ್ರೆ ಅಥವಾ ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಇಡುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಕೊಲಾಬ್ ಕ್ಯಾಲೆಂಡರನ್ನೂ ಐಮ್ಯಾಪ್ (ಮೇಲ್ ಓದುವ ಪ್ರೋಟೊಕಾಲ್) ಫೋಲ್ಡರ್‌ಗಳಲ್ಲೇ ಇಡುವ ದಾರಿ ಹಿಡಿಯಿತು. ಇಗ್ರೂಪ್‌ವೇರ್ ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು. ಜಿಂಬ್ರಾ ಬಹಳ ಹೆಸರು ಮಾಡಿತ್ತು, ಆದರೆ ಒಡೆತನ ಯಾಹೂ, ವಿಎಂವೇರ್ ಎಂದು ಕೈಯಿಂದ ಕೈಗೆ ಹೋಯಿತು. 9ನೇ ಆವೃತ್ತಿಯಿಂದ ಅದರ ಮುಕ್ತ ಆವೃತ್ತಿಯನ್ನು ಮೂಲ ಸಂಕೇತದಿಂದ ನಾವೇ ಕಟ್ಟಿಕೊಳ್ಳಬೇಕು. ಕಲಿಯಲು ಒಳ್ಳೆಯದು, ಸಣ್ಣ ಕಚೇರಿಗೆ ಹೊರೆ.

ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶ ಔಟ್‌ಲುಕ್ ಬಿಡಲಾರೆವು ಎನ್ನುವ ಕಚೇರಿಯಲ್ಲಿ ಎಚ್ಚರ ಬೇಕು. ಅದಕ್ಕೆ ಕ್ಯಾಲ್‌ಡಾವ್ ತಾನಾಗಿ ಬರುವುದಿಲ್ಲ. ಹಳೆಯ ಔಟ್‌ಲುಕ್‌ಗೆ ಕ್ಯಾಲ್‌ಡಾವ್ ಸಿಂಕ್ರೊನೈಸರ್ ಎಂಬ ಮುಕ್ತ ಪ್ಲಗಿನ್ ಉಂಟು. ವಿಂಡೋಸ್‌ನ ಹೊಸ ಔಟ್‌ಲುಕ್ ಅಂಥ ಪ್ಲಗಿನ್‌ಗಳನ್ನು ಒಪ್ಪುವುದಿಲ್ಲ. ಗ್ರೊಮ್ಯೂನಿಯೊ ಎಂಬ ಗ್ರೂಪ್‌ವೇರ್, ಔಟ್‌ಲುಕ್ ಬಳಸುವ ಎಕ್ಸ್‌ಚೇಂಜ್‌ನ ಮ್ಯಾಪಿ ಪ್ರೋಟೊಕಾಲನ್ನೇ ಕಲಿತಿರುವುದರಿಂದ ಇಂಥ ಕಡೆ ಅದನ್ನು ಪರಿಗಣಿಸಬೇಕು.

ಅಭ್ಯಾಸಕ್ಕೆ ಹೀಗೆ ಮಾಡಿ: ಎರಡು ಖಾತೆ ತೆರೆದು, ಪ್ರತಿ ಸೋಮವಾರದ ಸಭೆಯೊಂದನ್ನು ಹಾಕಿ. ಅದರಲ್ಲಿ ಒಂದೇ ಒಂದು ಸೋಮವಾರದ ಸಭೆಯನ್ನು ಮಂಗಳವಾರಕ್ಕೆ ಸರಿಸಿ. ಥಂಡರ್‌ಬರ್ಡ್ ಮತ್ತು ಫೋನ್ ಎರಡರಲ್ಲೂ ಆ ವಾರ ಮಾತ್ರ ಬದಲಾಗಿ, ಉಳಿದ ವಾರಗಳು ಹಾಗೆಯೇ ಇವೆಯೇ ನೋಡಿ. ಇಲ್ಲದಿದ್ದರೆ ಐಕ್ಯಾಲೆಂಡರ್ ಕಡತದಲ್ಲಿ ಯಾವ ವಾರದ ಸಭೆ ಬದಲಾಗಿದೆ ಎಂದು ಹೇಳುವ ರಿಕರೆನ್ಸ್-ಐಡಿ ಸಾಲನ್ನು ಪರಿಶೀಲಿಸಿ.