ಕೂತಲ್ಲೇ ಕೂತಿದ್ದರೂ ವಾಚಿನಲ್ಲಿ ಎತ್ತರ ಏರುವುದೇಕೆ?

ಪ್ರಶ್ನೆ: ಚಾರಣಕ್ಕೆಂದು ಸೋಲಾರ್ ಡಿಜಿಟಲ್ ವಾಚ್ ತಗೊಂಡಿದ್ದೇನೆ. ಎತ್ತರ, ಗಾಳಿಯ ಒತ್ತಡ, ಉಷ್ಣಾಂಶ, ದಿಕ್ಕು ಎಲ್ಲವನ್ನೂ ತೋರಿಸುತ್ತದೆ. ಬೆಳಗ್ಗೆ ಮೇಜಿನ ಮೇಲಿಟ್ಟಾಗ ಎತ್ತರ 612 ಮೀಟರ್ ಅಂತಿತ್ತು. ಸಂಜೆ ನೋಡಿದರೆ ಅದೇ ಮೇಜಿನ ಮೇಲೆ 638 ಮೀಟರ್! ವಾಚ್ ಕೆಟ್ಟಿದೆಯಾ? ವಾಪಸ್ ಕೊಟ್ಟುಬಿಡಲಾ?

ಉತ್ತರ: ವಾಪಸ್ ಕೊಡಬೇಡಿ. ನಿಮ್ಮ ವಾಚ್ ಸರಿಯಾಗೇ ಇದೆ. ಇಂಥ ವಾಚ್ ಕೊಂಡ ಹೆಚ್ಚಿನವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ಇದರ ಉತ್ತರ ತಿಳಿದ ಮೇಲೆ ವಾಚನ್ನು ಬಳಸುವ ರೀತಿಯೇ ಬದಲಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ವಿಷಯ, ಈ ವಾಚಿಗೆ ಎತ್ತರವನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಅದರೊಳಗೆ ಇರುವುದು ಗಾಳಿಯ ಒತ್ತಡ ಅಳೆಯುವ ಒಂದು ಸಣ್ಣ ಸೆನ್ಸರ್. ವಾಚಿನ ಪಕ್ಕದಲ್ಲಿ ಪುಟ್ಟ ತೂತುಗಳಿರುವ ಭಾಗ ಕಾಣುತ್ತದಲ್ಲ, ಹೊರಗಿನ ಗಾಳಿ ಸೆನ್ಸರ್‌ಗೆ ತಾಗುವುದು ಅಲ್ಲಿಂದಲೇ. ಗಾಳಿಗೂ ತೂಕವಿದೆ. ಮೇಲೆ ಹತ್ತಿದಷ್ಟೂ ನಮ್ಮ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ಎಷ್ಟು ಇಳಿದಿದೆ ಎಂದು ನೋಡಿ ವಾಚ್ ಒಂದು ಸೂತ್ರ ಹಾಕಿ ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ಸಮುದ್ರ ಮಟ್ಟದ ಹತ್ತಿರ ಒತ್ತಡ 1 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆಯ ಮಾನ) ಇಳಿದರೆ ಸುಮಾರು 8 ಮೀಟರ್ ಮೇಲೆ ಬಂದಿದ್ದೀರಿ ಎಂದರ್ಥ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ 5,000 ಮೀಟರ್ ಎತ್ತರದಲ್ಲಿ ಅದೇ 1 ಹೆಕ್ಟೋಪ್ಯಾಸ್ಕಲ್‌ಗೆ ಸುಮಾರು 14 ಮೀಟರ್ ಆಗುತ್ತದೆ.

ಕಷ್ಟ ಇರುವುದು ಇಲ್ಲೇ. ಒತ್ತಡ ಇಳಿಯಲು ನೀವು ಬೆಟ್ಟ ಹತ್ತಲೇಬೇಕೆಂದಿಲ್ಲ. ಹವಾಮಾನ ಬದಲಾದರೂ ಇಳಿಯುತ್ತದೆ. ಇಳಿದದ್ದು ಯಾವ ಕಾರಣಕ್ಕೆ ಎಂದು ಸೆನ್ಸರ್‌ಗೆ ಗೊತ್ತಾಗುವುದಿಲ್ಲ.

ಇದನ್ನು 17ನೇ ಶತಮಾನದಲ್ಲೇ ಚೆನ್ನಾಗಿ ಅರಿತವರಿದ್ದರು. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪ್ವಿ ದ ದೋಮ್ ಬೆಟ್ಟದಲ್ಲಿ ಒಂದು ಪ್ರಯೋಗ ನಡೆಯಿತು. ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಕೇಳಿಕೊಂಡಂತೆ ಅವರ ಭಾವ ಫ್ಲೋರಾಂ ಪೆರಿಯೆ, ಗಾಳಿಯ ಒತ್ತಡ ಇಳಿದರೆ ತಾನೂ ಇಳಿಯುವ ಪಾದರಸದ ಕೊಳವೆ ಹಿಡಿದು ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸ 8 ಸೆಂಟಿಮೀಟರ್‌ಗೂ ಹೆಚ್ಚು ಕೆಳಗಿಳಿದಿತ್ತು. ನನಗೆ ಬಹಳ ಇಷ್ಟವಾಗುವ ವಿಷಯ ಬೇರೆಯೇ ಇದೆ. ಪೆರಿಯೆ ಇನ್ನೊಂದು ಕೊಳವೆಯನ್ನು ಬೆಟ್ಟದ ಕೆಳಗೆ, ಊರಿನಲ್ಲೇ ಇಟ್ಟು ಹೋಗಿದ್ದರು. ಒಬ್ಬರು ಇಡೀ ದಿನ ಅದನ್ನು ಕಾಯುತ್ತಾ ಕೂತಿದ್ದರು. ಕೆಳಗಿನ ಪಾದರಸ ಅಲುಗಾಡಲಿಲ್ಲ. ಹಾಗಾಗಿ ಮೇಲಿನ ಬದಲಾವಣೆಗೆ ಹವಾಮಾನ ಕಾರಣವಲ್ಲ, ಎತ್ತರವೇ ಕಾರಣ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ನಿಮ್ಮ ಕೈಯಲ್ಲಿರುವ ವಾಚಿನಲ್ಲಿ ಇರುವುದು ಮೇಲಿನ ಕೊಳವೆ ಮಾತ್ರ. ಕೆಳಗಿನ ಕೊಳವೆಯ ಕೆಲಸವನ್ನು ನೀವೇ ಮಾಡಬೇಕು.

ಈಗ ನಿಮ್ಮ 26 ಮೀಟರ್‌ಗೆ ಬರೋಣ. ನಿಮ್ಮ ಎತ್ತರದಲ್ಲಿ ಅದು ಸುಮಾರು 3 ಹೆಕ್ಟೋಪ್ಯಾಸ್ಕಲ್ ಇಳಿಕೆ. ಇಷ್ಟಾಗಲು ಮಳೆ, ಬಿರುಗಾಳಿ ಏನೂ ಬೇಕಿಲ್ಲ. ಸೂರ್ಯನ ಶಾಖದಿಂದ ವಾತಾವರಣದಲ್ಲಿ ದಿನಕ್ಕೆರಡು ಬಾರಿ ಒತ್ತಡ ಏರಿಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ 10ರ ಹೊತ್ತಿಗೆ ಜಾಸ್ತಿ, ಬೆಳಗಿನ ಜಾವ ಮತ್ತು ಸಂಜೆ 4ರ ಹೊತ್ತಿಗೆ ಕಮ್ಮಿ. ಉಷ್ಣವಲಯದಲ್ಲಿ ಈ ಏರಿಳಿತ ಕೆಲವು ಹೆಕ್ಟೋಪ್ಯಾಸ್ಕಲ್‌ವರೆಗೂ ಇರುತ್ತದೆ. ಧ್ರುವಗಳ ಕಡೆ ಹೋದಂತೆ ತೀರಾ ಸಣ್ಣದಾಗುತ್ತದೆ. ಬೆಳಗ್ಗೆ ನೋಡಿದ ಸಂಖ್ಯೆ ಸಂಜೆಗೆ ಏರಿದ್ದರೆ ಮೊದಲು ನೆನಪಿಸಿಕೊಳ್ಳಬೇಕಾದದ್ದು ಇದನ್ನೇ. ಇದರ ಮೇಲೆ ನಿಜವಾಗಿ ಹವಾಮಾನ ಕೆಟ್ಟು ಒತ್ತಡ 20 ಹೆಕ್ಟೋಪ್ಯಾಸ್ಕಲ್ ಬಿದ್ದಿತೆನ್ನಿ, ಸಮುದ್ರ ತೀರದಲ್ಲಿ ಕೂತವರ ವಾಚೂ ಸುಮಾರು 170 ಮೀಟರ್ ಏರಿರುತ್ತದೆ.

ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಸೆನ್ಸರ್ ಕೆಟ್ಟಿರಬಹುದಲ್ವಾ ಎನ್ನಿಸಿದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲ ತಗೊಳ್ಳಿ. ವಾಚನ್ನು ಎತ್ತರ ತೋರಿಸುವ ಮೋಡ್‌ಗೆ ಹಾಕಿ ಒಳಗಿಡಿ. ಚೀಲದಲ್ಲಿ ಗಾಳಿ ತುಂಬಿರುವಂತೆಯೇ ಬಿಗಿಯಾಗಿ ಮುಚ್ಚಿ. ಈಗ ಎರಡೂ ಅಂಗೈಗಳ ನಡುವೆ ಚೀಲವನ್ನು ಮೆಲ್ಲಗೆ ಒತ್ತಿ ಹಿಡಿದು ಡಿಸ್‌ಪ್ಲೇ ನೋಡಿ. ಎತ್ತರ ಸರಸರ ಇಳಿಯುತ್ತದೆ, ಕೆಲವೊಮ್ಮೆ ಹತ್ತಾರು ಮೀಟರ್. ಕೈ ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಒಳಗಿನ ಗಾಳಿಯನ್ನು ಒತ್ತಿದಿರಿ, ವಾಚ್ ನೀವು ಕೆಳಗಿಳಿದಿರಿ ಅಂದುಕೊಂಡಿತು. ಇಷ್ಟಾದರೆ ಸೆನ್ಸರ್ ಚೆನ್ನಾಗಿದೆ. ಇಂಥ ವಾಚುಗಳು ಬಟನ್ ಒತ್ತಿದ ಮೊದಲ ಕೆಲವು ನಿಮಿಷ ಮಾತ್ರ ಬೇಗಬೇಗ ಅಳೆದು, ಆಮೇಲೆ ಚಾರ್ಜ್ ಉಳಿಸಲು ನಿಧಾನವಾಗುವುದುಂಟು. ಹಾಗಾಗಿ ಬಟನ್ ಒತ್ತಿದ ಕೂಡಲೇ ಈ ಪರೀಕ್ಷೆ ಮಾಡಿ.

ಕೆಳಗಿನ ಕೊಳವೆಯ ಕೆಲಸ ಅಂದೆನಲ್ಲ, ಅದು ಹೀಗೆ. ಎತ್ತರ ಖಚಿತವಾಗಿ ಗೊತ್ತಿರುವ ಜಾಗದಲ್ಲಿ ನಿಂತು ಆ ಸಂಖ್ಯೆಯನ್ನು ವಾಚಿಗೆ ತುಂಬಿಸಬೇಕು. ಹೆಚ್ಚಿನ ವಾಚುಗಳಲ್ಲಿ ಎತ್ತರದ ಮೋಡ್‌ನಲ್ಲಿರುವಾಗ ಅಡ್ಜಸ್ಟ್ ಬಟನ್ ಒತ್ತಿ ಹಿಡಿದರೆ ಸಂಖ್ಯೆ ಮಿನುಗುತ್ತದೆ, ಆಗ ಬದಲಿಸಬಹುದು. ಚಾರಣ ಶುರುವಾಗುವ ಜಾಗದ ಫಲಕ, ಕಣಿವೆ ದಾಟುವ ಘಾಟಿಯ ಫಲಕ, ನಕ್ಷೆಯಲ್ಲಿ ಎತ್ತರ ಬರೆದಿರುವ ಶಿಖರ, ಹೀಗೆ ಯಾವುದಾದರೂ ಆಗುತ್ತದೆ. ಹೊರಡುವಾಗ ಒಮ್ಮೆ ಮಾಡಿದರೆ ಸಾಲದು. ದಾರಿಯಲ್ಲಿ ಗೊತ್ತಿರುವ ಜಾಗ ಸಿಕ್ಕಾಗಲೆಲ್ಲ ಮಾಡಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. ವಾಚಿನ ಸೂತ್ರ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, ಮೇಲೆ ಹೋದಂತೆ ಕಿಲೋಮೀಟರ್‌ಗೆ 6.5 ಡಿಗ್ರಿ ಇಳಿಕೆ ಎಂದು ಹಿಡಿದುಕೊಂಡಿರುತ್ತದೆ. ಬಿಸಿಲು ನಾಡಿನ ಗಾಳಿ ಆ ಲೆಕ್ಕಕ್ಕಿಂತ 15 ಡಿಗ್ರಿ ಜಾಸ್ತಿ ಬಿಸಿ ಇದ್ದರೆ, ನೀವು 1,000 ಮೀಟರ್ ಹತ್ತಿದರೂ ವಾಚ್ ಸುಮಾರು 950 ಅನ್ನುತ್ತದೆ. ಒತ್ತಡ ಸ್ಥಿರವಾಗಿರುವ ದಿನವೂ ಈ ವ್ಯತ್ಯಾಸ ತಪ್ಪುವುದಿಲ್ಲ.

ಫೋನಿನ ಜಿಪಿಎಸ್ ನೋಡಿ ತುಂಬಿಸಬಹುದಾ? ಬೇರೆ ಏನೂ ಸಿಗದಿದ್ದಾಗ ಮಾಡಿ. ಆದರೆ ಜಿಪಿಎಸ್‌ಗೆ ಜಾಗ ಹೇಳುವಷ್ಟು ಸಲೀಸಾಗಿ ಎತ್ತರ ಹೇಳಲು ಬರುವುದಿಲ್ಲ. ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಲೆಕ್ಕ ಹಾಕದೆ ಭೂಮಿಯ ಗಣಿತದ ಮಾದರಿಯಿಂದ ಲೆಕ್ಕ ಹಾಕಿ ತೋರಿಸುತ್ತವೆ. ಕೆಲವು ಪ್ರದೇಶಗಳಲ್ಲಿ ಈ ಎರಡರ ನಡುವೆ ಹತ್ತಾರು ಮೀಟರ್ ಅಂತರವಿದೆ. ಫಲಕ ಅಥವಾ ಒಳ್ಳೆಯ ನಕ್ಷೆ ಇದ್ದರೆ ನಾನಂತೂ ಅದನ್ನೇ ನಂಬುತ್ತೇನೆ.

ನಿಮಗೆ ದೋಷದಂತೆ ಕಂಡ ಈ ಗುಣ ಬೆಟ್ಟದ ಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ. ಸಂಜೆ ಟೆಂಟ್ ಹಾಕಿದ ಮೇಲೆ, ಮಲಗುವ ಮುಂಚೆ ವಾಚಿನ ಎತ್ತರ ನೋಡಿಟ್ಟುಕೊಳ್ಳಿ. 3,120 ಮೀಟರ್ ಅಂತಿಟ್ಟುಕೊಳ್ಳೋಣ. ಬೆಳಗ್ಗೆ ಎದ್ದಾಗ 3,165 ಕಂಡರೆ? ರಾತ್ರಿಯಿಡೀ ನೀವು ಮಲಗಿದ್ದೀರಿ, ಟೆಂಟ್ ಎಲ್ಲೂ ಹೋಗಿಲ್ಲ. ಆ ಎತ್ತರದಲ್ಲಿ 45 ಮೀಟರ್ ಅಂದರೆ ಸುಮಾರು 4 ಹೆಕ್ಟೋಪ್ಯಾಸ್ಕಲ್ ಬಿದ್ದಿದೆ. ಹವಾಮಾನ ಕೆಡುವ ಸೂಚನೆ ಇರಬಹುದು, ಆಕಾಶದ ಕಡೆ ಕಣ್ಣಿಡಿ, ಬೇಗ ಹೊರಡುವುದೋ ಉಳಿಯುವುದೋ ಯೋಚಿಸಿ. ಸಂಖ್ಯೆ ಇಳಿದಿದ್ದರೆ ಒತ್ತಡ ಏರಿದೆ, ಅದು ಒಳ್ಳೆಯ ಸುದ್ದಿ. ದಿನದ ಸಹಜ ಏರಿಳಿತ ಹೇಳಿದೆನಲ್ಲ, ಅದು ಲೆಕ್ಕ ಕೆಡಿಸದಿರಲು ಹಿಂದಿನ ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನೋಡಿದ ಸಂಖ್ಯೆ ಇದ್ದರೆ ಇನ್ನೂ ವಾಸಿ. ಒಂದು ಎಚ್ಚರಿಕೆ: ಮಧ್ಯಾಹ್ನ ದಿಢೀರನೆ ಕಟ್ಟುವ ಗುಡುಗು ಮಳೆ ವಾಚಿನಲ್ಲಿ ಮುಂಚಿತವಾಗಿ ಕಾಣದೇ ಇರಬಹುದು. ಒತ್ತಡ ಚೆನ್ನಾಗಿದೆ ಎಂದು ಮೋಡವನ್ನು ಕಡೆಗಣಿಸಬೇಡಿ.

ಟೆಂಟಿನಿಂದ ಹೊರಡುವ ಮುಂಚೆ ವಾಚನ್ನು ಮತ್ತೆ 3,120ಕ್ಕೆ ತನ್ನಿ. ದಿನವಿಡೀ ಎಷ್ಟು ಹತ್ತಿದಿರಿ ಎಂದು ಕೂಡುತ್ತಾ ಹೋಗುವ ರೆಕಾರ್ಡಿಂಗ್ ನಿಮ್ಮ ವಾಚಿನಲ್ಲಿದ್ದರೆ, ರಾತ್ರಿ ಅದನ್ನು ನಿಲ್ಲಿಸಿಡಿ. ಇಲ್ಲದಿದ್ದರೆ ನಿದ್ದೆಯಲ್ಲಿ ಏರಿದ ಆ 45 ಮೀಟರ್ ಕೂಡ ಹತ್ತಿದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಗೊಂದಲ: ಹವಾಮಾನ ವರದಿಯಲ್ಲಿ ಒತ್ತಡ 1013 ಅಂತಿರುತ್ತದೆ, ವಾಚಿನಲ್ಲಿ 910 ಅಂತಿರುತ್ತದೆ. ಎರಡೂ ಸರಿ. ವರದಿಯವರು ಎಲ್ಲ ಊರುಗಳನ್ನೂ ಹೋಲಿಸಲು ಆಗುವಂತೆ ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಹೆಚ್ಚಿನ ವಾಚುಗಳು ನೀವು ನಿಂತ ಜಾಗದ ಒತ್ತಡವನ್ನೇ ಹೇಳುತ್ತವೆ. 900 ಮೀಟರ್ ಎತ್ತರದ ಊರಿನಲ್ಲಿ 910 ಸಹಜ. ಹಾಗೆಯೇ ವಿಮಾನದಲ್ಲಿ ಕೂತು ವಾಚ್ ನೋಡಿ 2,000 ಮೀಟರ್ ಕಂಡರೆ ಗಾಬರಿಯಾಗಬೇಡಿ. ವಿಮಾನ 10,000 ಮೀಟರ್‌ನಲ್ಲಿದ್ದರೂ ಒಳಗೆ ಗಾಳಿ ತುಂಬಿ ಒತ್ತಡವನ್ನು ಅಷ್ಟಕ್ಕೆ ಹಿಡಿದಿರುತ್ತಾರೆ.

ಸೋಲಾರ್ ವಿಷಯಕ್ಕೂ ಇದಕ್ಕೂ ನಂಟಿದೆ. ಬರೀ ಸಮಯ ತೋರಿಸಲು ವಾಚಿಗೆ ಬೇಕಾಗುವ ಶಕ್ತಿ ತೀರಾ ಕಮ್ಮಿ. ಸೆನ್ಸರ್, ಲೈಟ್, ಅಲಾರಂಗೆ ಜಾಸ್ತಿ ಬೇಕು. ಚಾರ್ಜ್ ಇಳಿದಾಗ ವಾಚ್ ಮೊದಲು ನಿಲ್ಲಿಸುವುದು ಇವನ್ನೇ, ಗಡಿಯಾರ ಆಮೇಲೂ ಓಡುತ್ತಿರುತ್ತದೆ. ಎತ್ತರದ ಸಂಖ್ಯೆ ಬರಬೇಕಾದ ಕಡೆ ಬರೀ ಗೆರೆಗಳು ಕಂಡರೆ ಮೊದಲು ಬ್ಯಾಟರಿಯ ಗುರುತು ನೋಡಿ. ಉದ್ದ ತೋಳಿನ ಜಾಕೆಟ್ ಹಾಕಿ ಮೋಡದ ದಿನಗಳಲ್ಲಿ ನಡೆಯುವವರಿಗೆ ಹೀಗಾಗುವುದುಂಟು. ಕ್ಯಾಸಿಯೊದ ಹಲವು ಮಾಡೆಲ್‌ಗಳ ಕೈಪಿಡಿಯಲ್ಲಿ ಇರುವ ಲೆಕ್ಕ ನೋಡಿ: ಒಂದು ದಿನದ ಬಳಕೆಗೆ ಹೊರಗಿನ ಬಿಸಿಲಾದರೆ 5 ನಿಮಿಷ ಸಾಕು, ಮನೆಯೊಳಗಿನ ಟ್ಯೂಬ್‌ಲೈಟ್ ಬೆಳಕಾದರೆ 8 ಗಂಟೆ ಬೇಕು. ಹಾಗಾಗಿ ವಾಚನ್ನು ಜಾಕೆಟ್ ತೋಳಿನ ಹೊರಗೆ ಕಟ್ಟಿ, ಅಥವಾ ಬ್ಯಾಗಿನ ಪಟ್ಟಿಗೆ ಸಿಕ್ಕಿಸಿ. ಬೇಗ ಚಾರ್ಜ್ ಆಗಲಿ ಎಂದು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುವುದು ಮಾತ್ರ ಬೇಡ. ಬಿಸಿ 60 ಡಿಗ್ರಿ ಮುಟ್ಟಿದರೆ ಡಿಸ್‌ಪ್ಲೇ ಕಪ್ಪಾಗಬಹುದು, ಒಳಗಿನ ಸೆಲ್‌ಗೂ ಒಳ್ಳೆಯದಲ್ಲ.

ಉಷ್ಣಾಂಶ ಜಾಸ್ತಿ ತೋರಿಸುತ್ತದೆ ಎಂಬ ದೂರಿಗೂ ಕಾರಣ ಇಂಥದ್ದೇ. ಕೈಯಲ್ಲಿದ್ದರೆ ಮೈಯ ಬಿಸಿ ಸೇರುತ್ತದೆ, ಬಿಸಿಲಲ್ಲಿದ್ದರೆ ಬಿಸಿಲಿನದ್ದು. ಬಿಚ್ಚಿ, ಬೆವರು ಒರೆಸಿ, ನೆರಳಲ್ಲಿ ಗಾಳಿಯಾಡುವ ಕಡೆ 20-30 ನಿಮಿಷ ಇಟ್ಟು ಆಮೇಲೆ ನೋಡಿ.

ಹಾಗಾದರೆ ಸರ್ವಿಸ್ ಸೆಂಟರ್‌ಗೆ ಹೋಗಬೇಕಾದದ್ದು ಯಾವಾಗ? ಚಾರ್ಜ್ ಪೂರ್ತಿ ಇದ್ದರೂ ಒತ್ತಡದ ಸಂಖ್ಯೆ ದಿನಗಟ್ಟಲೆ ಅಲುಗದಿದ್ದರೆ, ಚೀಲದ ಪರೀಕ್ಷೆಗೆ ಸ್ಪಂದಿಸದಿದ್ದರೆ, ಎರರ್ ಎಂದು ಮತ್ತೆ ಮತ್ತೆ ಬಂದರೆ, ಗಾಜಿನ ಒಳಗೆ ಹಬೆ ಕಟ್ಟಿ ಹೋಗದೇ ಉಳಿದರೆ. ಅದಕ್ಕೂ ಮುಂಚೆ ಸೆನ್ಸರ್‌ನ ತೂತುಗಳಲ್ಲಿ ಮಣ್ಣು, ಸೋಪು ಕೂತಿದೆಯಾ ನೋಡಿ. ವಾಚಿಗೆ ನೀರು ತಡೆಯುವ ಶಕ್ತಿ ಇದ್ದರೆ ಬಟನ್ ಮುಟ್ಟದೆ ಸಿಹಿನೀರಿನಲ್ಲಿ ಅಲುಗಿಸಿ ತೊಳೆಯಿರಿ, ಪೂರ್ತಿ ಒಣಗಿದ ಮೇಲೆ ಮತ್ತೆ ಪರೀಕ್ಷಿಸಿ. ಪಿನ್ ಹಾಕಿ ಕೆದಕಿದರೆ ಮಾತ್ರ ಚೆನ್ನಾಗಿದ್ದ ಸೆನ್ಸರ್ ಕೂಡ ಹಾಳಾಗುತ್ತದೆ.